ಫರ್ನೇಸ್ ಓಡುವಾಗ ಸರಿ, ಬಂದ್ ಆದಾಗ ತಪ್ಪು: ಟ್ಯಾಂಗ್ ನ್ಯಾನೋ 9ಕೆ, 54 ಮೆಗಾಬಾಡ್ ಲಿಂಕ್

ಉದ್ಯಮಬಾಗ್_ರಿಪೇರಿ · ಬೆಳಗಾವಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ಗಂಟು ಬಿಚ್ಚಲು ಆಗುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ಹೇಳಿ.

ಉದ್ಯಮಬಾಗದಲ್ಲಿ ಡ್ರೈವ್ ಮತ್ತು ಕಂಟ್ರೋಲ್ ಪ್ಯಾನೆಲ್ ರಿಪೇರಿ ನನ್ನ ಕೆಲಸ. ಪರಿಚಯದ ಒಂದು ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸ್ ವಾರಕ್ಕೆ ಒಂದೆರಡು ಸಲ ಟ್ರಿಪ್ ಆಗುತ್ತದೆ. ಲೋಹ ಅರ್ಧ ಕರಗಿದಾಗ ಟ್ರಿಪ್ ಆದರೆ ಅವರ ಇಡೀ ದಿನದ ಕೆಲಸ ಹಾಳು. ಟ್ರಿಪ್ ಆಗುವ ಮುಂಚಿನ ಕೆಲವು ಮಿಲಿಸೆಕೆಂಡಿನಲ್ಲಿ ಇನ್ವರ್ಟರಿನ ಕರೆಂಟ್, ವೋಲ್ಟೇಜ್ ಹೇಗಿತ್ತು ಅಂತ ನೋಡಬೇಕು. ಅದಕ್ಕೆ ನಾನೇ ಒಂದು ಸಾಧನ ಕಟ್ಟಿದೆ.

ಫರ್ನೇಸ್ ಪ್ಯಾನೆಲಿನ ಒಳಗೆ ಒಂದು ಟ್ಯಾಂಗ್ ನ್ಯಾನೋ 9ಕೆ ಬೋರ್ಡು. ಅದರಲ್ಲಿರುವುದು ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್. ಎರಡು ಚಾನೆಲಿನ 12 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಚಿಪ್), ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್. ಪ್ರತಿ ಸ್ಯಾಂಪಲನ್ನು 16 ಬಿಟ್ ಮಾಡಿ ಕಳಿಸುತ್ತೇನೆ. ಎರಡು ಚಾನೆಲ್ ಸೇರಿ ಸೆಕೆಂಡಿಗೆ 32 ಮೆಗಾಬಿಟ್. ಅಲ್ಲಿಂದ 40 ಮೀಟರ್ ಕ್ಯಾಟ್-5 ಕೇಬಲ್. ಆ ಕಡೆ ಆಫೀಸ್ ರೂಮಿನಲ್ಲಿ ಅದೇ ತರಹದ ಇನ್ನೊಂದು ಬೋರ್ಡು. ಡಿಫರೆನ್ಷಿಯಲ್ ಡ್ರೈವರ್, ರಿಸೀವರ್ ಐಸಿ ಇವೆ. ಎರಡೂ ತುದಿಗೆ 100 ಓಮ್ ಇದೆ. ಎರಡು ಕಡೆಯ ಅರ್ಥ್ ಬೇರೆ ಬೇರೆ, ಅದಕ್ಕೆ ನಡುವೆ ಪಲ್ಸ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಕೆಟ್ಟುಹೋದ ನೆಟ್‌ವರ್ಕ್ ಸ್ವಿಚ್ಚಿನಿಂದ ಬಿಚ್ಚಿಕೊಂಡ ಟ್ರಾನ್ಸ್‌ಫಾರ್ಮರ್ ಅದು.

ಬೋರ್ಡಿನ ಕ್ರಿಸ್ಟಲ್ 27 ಮೆಗಾಹರ್ಟ್ಸ್. ಅದನ್ನು ಎರಡರಷ್ಟು ಮಾಡಿ 54 ಮೆಗಾಬಾಡಿನಲ್ಲಿ (ಸೆಕೆಂಡಿಗೆ 5.4 ಕೋಟಿ ಬಿಟ್) ಬಿಟ್‌ಗಳನ್ನು ಹಾಗೆಯೇ ಕಳಿಸುತ್ತೇನೆ. 256 ಸ್ಯಾಂಪಲಿಗೆ ಒಂದು ಬ್ಲಾಕ್. ಮೊದಲು ಹೆಡರ್ (ಬ್ಲಾಕ್ ಶುರುವಿನ ಗುರುತು), ಕೊನೆಗೆ ಸಿಆರ್‌ಸಿ (ಡೇಟಾ ಸರಿಯಾಗಿ ಬಂತಾ ಅಂತ ತಾಳೆ ನೋಡುವ ಅಂಕಿ). ಬ್ಲಾಕುಗಳ ನಡುವೆ ಖಾಲಿ ಇರುವಾಗ 1010 ಹೋಗುತ್ತಿರುತ್ತದೆ. ಆ ಕಡೆ ಒಂದು ಬಿಟ್‌ಗೆ ನಾಲ್ಕು ಸಲ ಸ್ಯಾಂಪಲ್ ಮಾಡುತ್ತೇನೆ. ಹೆಡರ್ ಬಂದಾಗ ನಾಲ್ಕರಲ್ಲಿ ನಡುವಿನದನ್ನು ಆರಿಸಿ, ಬ್ಲಾಕ್ ಮುಗಿಯುವವರೆಗೂ ಅದನ್ನೇ ಹಿಡಿಯುತ್ತೇನೆ.

ಟೇಬಲ್ ಮೇಲೆ ಇದೇ ಕೇಬಲಿನ ಸುರುಳಿ ಇಟ್ಟು ಎರಡು ದಿನ ಓಡಿಸಿದೆ. ಎಡಿಸಿ ಬದಲು ಒಂದು ಚಾನೆಲಿಗೆ ಏರುವ ಕೌಂಟರ್, ಇನ್ನೊಂದಕ್ಕೆ ಇಳಿಯುವ ಕೌಂಟರ್ ಕೊಟ್ಟಿದ್ದೆ. ಒಂದೂ ತಪ್ಪಿಲ್ಲ. ಫೌಂಡ್ರಿಯಲ್ಲಿ ಹಾಕಿದರೆ ಸಿಆರ್‌ಸಿ ತಪ್ಪು ಸುರಿಯುತ್ತದೆ. ಅದೂ ಫರ್ನೇಸ್ ಓಡುವಾಗ ಹೆಚ್ಚುಕಡಿಮೆ ಸರಿ. ಬಂದ್ ಮಾಡಿದ ತಕ್ಷಣ ತಪ್ಪು ಶುರು. ನನಗೆ ಇದು ಅರ್ಥವೇ ಆಗುತ್ತಿಲ್ಲ.


ಗೋಕಾಕ್_ಕರದಂಟು · ಗೋಕಾಕ · ಭಾನುವಾರ ರಾತ್ರಿ 10:05

ಕೇಬಲಿನ ಶೀಲ್ಡ್ ಎಲ್ಲಿ ಅರ್ಥ್ ಮಾಡಿದ್ದೀರಿ? ಪವರ್ ಕೇಬಲ್ ಇರುವ ಟ್ರೇಯಲ್ಲೇ ಎಳೆದಿದ್ದೀರಾ? ಎರಡೂ ತುದಿಗೆ ಫೆರೈಟ್ (ಗದ್ದಲ ತಡೆಯುವ ಉಂಗುರ) ಹಾಕಿ ನೋಡಿ. ಫರ್ನೇಸ್ ಬಂದ್ ಆದ ಹೊತ್ತಿನಲ್ಲೇ ವೆಲ್ಡಿಂಗ್, ಗ್ರೈಂಡಿಂಗ್ ಎಲ್ಲಾ ನಡೆಯುತ್ತದೆ ಅಲ್ವಾ? ಗದ್ದಲ ಅದರದ್ದೇ ಇರಬಹುದು.


ಉದ್ಯಮಬಾಗ್_ರಿಪೇರಿ · ಭಾನುವಾರ ರಾತ್ರಿ 10:20

ನಾನೂ ಹಾಗೇ ಅಂದುಕೊಂಡಿದ್ದೆ ಅಣ್ಣಾ. ಫೆರೈಟ್ ಹಾಕಿದೆ. ಕೇಬಲ್ ಬೇರೆ ಪೈಪಿನಲ್ಲಿ ಎಳೆದೆ. ಶೀಲ್ಡ್ ಒಂದೇ ಕಡೆ ಅರ್ಥ್ ಮಾಡಿದೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಅಲ್ಲೇ ಕೂತಿದ್ದೆ. ಇಡೀ ಶೆಡ್ಡಿನಲ್ಲಿ ಒಂದು ಮೋಟಾರೂ ತಿರುಗುತ್ತಿರಲಿಲ್ಲ. ತಪ್ಪು ಆಗಲೇ ಎಲ್ಲಕ್ಕಿಂತ ಜಾಸ್ತಿ.


ಕಿತ್ತೂರು_ಕಡೆಯವ · ಸೋಮವಾರ ಬೆಳಿಗ್ಗೆ 7:15

ಸರ್, ಇಷ್ಟೆಲ್ಲಾ ಯಾಕೆ? ಒಂದು 100 ಮೆಗಾಬಿಟ್ ಎಥರ್ನೆಟ್ ಚಿಪ್ ಹಾಕಿ. ಆ ಚಿಪ್ಪಿಗೆ ಡೇಟಾ ಕೊಡುವ ಆರ್‌ಎಂಐಐ ಸಂಪರ್ಕಕ್ಕೆ 50 ಮೆಗಾಹರ್ಟ್ಸ್ ಸಾಕು, ನಿಮ್ಮ ಎಫ್‌ಪಿಜಿಎಯಲ್ಲಿ ಸುಲಭವಾಗಿ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಹೇಗೂ ಎಥರ್ನೆಟ್‌ದೇ. ಲೈನ್ ಕೋಡಿಂಗ್ (ಬಿಟ್‌ಗಳನ್ನು ತಂತಿಗೆ ತಕ್ಕ ರೂಪಕ್ಕೆ ತರುವುದು) ತಲೆಬಿಸಿ ಎಲ್ಲಾ ಆ ಚಿಪ್ಪೇ ನೋಡಿಕೊಳ್ಳುತ್ತದೆ.


ಉದ್ಯಮಬಾಗ್_ರಿಪೇರಿ · ಸೋಮವಾರ ಬೆಳಿಗ್ಗೆ 7:50

ಒಳ್ಳೆಯ ದಾರಿಯೇ. ಈ ಸಲ ಆಗದಿದ್ದರೆ ಅದನ್ನೇ ಮಾಡುತ್ತೇನೆ. ಆದರೆ ಪ್ಯಾನೆಲಿನಲ್ಲಿ ಬೋರ್ಡು, ಐಸಿ ಎಲ್ಲಾ ಕೂತಾಗಿದೆ. ಮುಖ್ಯವಾಗಿ ಯಾಕೆ ತಪ್ಪುತ್ತಿದೆ ಅಂತ ತಿಳಿಯದೆ ಬಿಡಲು ಮನಸ್ಸಿಲ್ಲ.


ಹಳೇ_ಎಕ್ಸ್‌ಚೇಂಜ್ · ಬೆಳಗಾವಿ · ಸೋಮವಾರ ಬೆಳಿಗ್ಗೆ 8:30

ತಮ್ಮಾ, ಗದ್ದಲದ ಮಾತು ಸದ್ಯ ಬದಿಗಿಡು. ಎರಡು ಪ್ರಶ್ನೆಗೆ ಉತ್ತರ ಹೇಳು.

ಫರ್ನೇಸ್ ಬಂದ್ ಇದ್ದಾಗ ತಂತಿಯ ಮೇಲೆ ಯಾವ ಬಿಟ್‌ಗಳು ಹೋಗುತ್ತವೆ?

ತಪ್ಪಾಗಿ ಬಂದ ಬ್ಲಾಕ್ ತೆರೆದು ನೋಡಿದ್ದೀಯಾ? ಅದರಲ್ಲಿ ಏನು ಇರುತ್ತದೆ?


ಉದ್ಯಮಬಾಗ್_ರಿಪೇರಿ · ಸೋಮವಾರ ಮಧ್ಯಾಹ್ನ 1:10

ಸರ್, ಊಟದ ಹೊತ್ತಿನಲ್ಲಿ ಹೋಗಿ ನೋಡಿ ಬಂದೆ.

ಬಂದ್ ಇದ್ದಾಗ ಎಲ್ಲಾ ಸೊನ್ನೆ. ಎಡಿಸಿಯ ಕೊನೆಯ ಬಿಟ್ ಸುಮ್ನೆ ಅಲ್ಲಾಡಬಾರದು ಅಂತ ಕಳಿಸುವ ಕಡೆಯೇ ಒಂದು ಮಿತಿ ಇಟ್ಟಿದ್ದೇನೆ. ಮೂರು ಕೌಂಟಿಗಿಂತ ಕಡಿಮೆ ಇದ್ದರೆ ಸೊನ್ನೆ ಅಂತಲೇ ಕಳಿಸುತ್ತದೆ.

ತಪ್ಪಾದ ಬ್ಲಾಕಿನಲ್ಲಿ ಮೊದಲ ಸ್ವಲ್ಪ ಭಾಗ ಸೊನ್ನೆ ಸರಿಯಾಗಿ ಬಂದಿದೆ. ಆಮೇಲೆ ಪೂರ್ತಿ ಒಂದು. ಎಫ್ಎಫ್, ಎಫ್ಎಫ್, ಎಫ್ಎಫ್. ಇಷ್ಟು ದಿನ ಸಿಆರ್‌ಸಿ ಲೆಕ್ಕ ಮಾತ್ರ ನೋಡುತ್ತಿದ್ದೆ. ಒಳಗಿನ ಬಿಟ್ ಬಿಚ್ಚಿ ನೋಡಿರಲಿಲ್ಲ.


ಹಳೇ_ಎಕ್ಸ್‌ಚೇಂಜ್ · ಸೋಮವಾರ ಮಧ್ಯಾಹ್ನ 2:00

ಸಿಕ್ಕಿತು. ನಿನ್ನ ತಂತಿಯಲ್ಲಿ ತಪ್ಪು ತರುತ್ತಿರುವುದು ಫರ್ನೇಸ್ ಅಲ್ಲ, ಸೊನ್ನೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಹಳ ವರ್ಷ ಇ1 ಲೈನ್ ನೋಡಿಕೊಂಡವನು. 2.048 ಮೆಗಾಬಿಟ್, 32 ಟೈಮ್‌ಸ್ಲಾಟ್, ಅಷ್ಟೇ. ನಿಮ್ಮ ಈಗಿನ ವೇಗದ ಮುಂದೆ ಅದು ಸಣ್ಣದು. ಆದರೆ ಇದೇ ತೊಂದರೆ ಅಲ್ಲೂ ಇತ್ತು. ಎಎಂಐ ಅಂತ ಒಂದು ಪದ್ಧತಿ. ಒಂದು ಬಂದರೆ ಒಮ್ಮೆ ಮೇಲಿನ ಪಲ್ಸ್, ಮುಂದಿನ ಒಂದಕ್ಕೆ ಕೆಳಗಿನ ಪಲ್ಸ್. ಸೊನ್ನೆಗೆ ಪಲ್ಸೇ ಇಲ್ಲ. ಸೊನ್ನೆಗಳು ಸಾಲಾಗಿ ಬಂದರೆ ಆ ಕಡೆಯ ರಿಪೀಟರಿಗೆ ಕ್ಲಾಕ್ ಹಿಡಿಯಲು ಏನೂ ಇರುವುದಿಲ್ಲ. ಅದಕ್ಕೇ ಎಚ್‌ಡಿಬಿ3 ತಂದರು. ಸಾಲಾಗಿ ನಾಲ್ಕು ಸೊನ್ನೆ ಬಂದರೆ ಆ ಜಾಗದಲ್ಲಿ ನಿಯಮ ಮುರಿದ ಒಂದು ಪಲ್ಸ್ ಬೇಕಂತಲೇ ಇಡುತ್ತಾರೆ. ಆ ಕಡೆಯವರು ನಿಯಮ ಮುರಿದದ್ದನ್ನು ನೋಡಿ, ಇದು ನಾಲ್ಕು ಸೊನ್ನೆ ಅಂತ ಗುರುತಿಸುತ್ತಾರೆ. ಯಾರೂ ಮಾತಾಡದ ಲೈನಿನಲ್ಲೂ ಪಲ್ಸ್ ಓಡುತ್ತಲೇ ಇರುತ್ತಿತ್ತು.

ನಿನ್ನ ಲಿಂಕ್ ಬರೀ ಡೇಟಾ ಕಳಿಸುತ್ತಿದೆ. ಡೇಟಾದ ಜೊತೆಗೆ ತಾಳವನ್ನೂ ಕಳಿಸಬೇಕು.


ಘಟಪ್ರಭಾ · ಬಾಗಲಕೋಟೆ · ಸೋಮವಾರ ರಾತ್ರಿ 9:20

ಸರ್ ಹೇಳಿದ್ದು ನೂರಕ್ಕೆ ನೂರು. ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕ ನೋಡಿದರೆ ಎಫ್ಎಫ್ ಯಾಕೆ ಬಂತು ಅನ್ನುವುದೂ ತಿಳಿಯುತ್ತದೆ.

ಟ್ರಾನ್ಸ್‌ಫಾರ್ಮರ್ ಡಿಸಿಯನ್ನು ದಾಟಿಸುವುದಿಲ್ಲ. ನೆಟ್‌ವರ್ಕಿನ ಪಲ್ಸ್ ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ ಕನಿಷ್ಠ 350 ಮೈಕ್ರೋಹೆನ್ರಿ ಇರುತ್ತದೆ. ನಿಮ್ಮ ಎರಡು ತುದಿಯ 100 ಓಮ್ ಸೇರಿ ಅದಕ್ಕೆ ಕಾಣುವುದು 50 ಓಮ್. 350 ಮೈಕ್ರೋಹೆನ್ರಿಯನ್ನು 50ರಿಂದ ಭಾಗಿಸಿದರೆ 7 ಮೈಕ್ರೋಸೆಕೆಂಡ್. ಲೈನ್ ಒಂದೇ ಮಟ್ಟದಲ್ಲಿ ನಿಂತರೆ ಪ್ರತಿ 7 ಮೈಕ್ರೋಸೆಕೆಂಡಿಗೆ ಸಿಗ್ನಲ್ ಮೂರರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಕುಗ್ಗುತ್ತದೆ. ನಿಮ್ಮ ವೇಗದಲ್ಲಿ 7 ಮೈಕ್ರೋಸೆಕೆಂಡ್ ಅಂದರೆ ಸುಮಾರು 378 ಬಿಟ್.

ಈಗ ನಿಮ್ಮ ಬ್ಲಾಕ್ ನೋಡಿ. 256 ಸ್ಯಾಂಪಲ್, ಒಂದಕ್ಕೆ 32 ಬಿಟ್, ಒಟ್ಟು 8192 ಬಿಟ್. ಎಲ್ಲಾ ಸೊನ್ನೆ ಆದರೆ 152 ಮೈಕ್ರೋಸೆಕೆಂಡ್ ಲೈನ್ ಅಲ್ಲಾಡುವುದಿಲ್ಲ. ಬ್ಲಾಕಿನ ಮೊದಲ ಭಾಗ ದಾಟುವಷ್ಟರಲ್ಲಿ ರಿಸೀವರಿನ ಎರಡು ಕಾಲುಗಳ ನಡುವೆ ವೋಲ್ಟೇಜೇ ಉಳಿದಿರುವುದಿಲ್ಲ. ಇಂಥ ಐಸಿಗಳಲ್ಲಿ ಅನೇಕವು ಇನ್‌ಪುಟ್ ಖಾಲಿ ಇದ್ದರೆ ಔಟ್‌ಪುಟ್ಟನ್ನು ಮೇಲಕ್ಕೆ ಹಿಡಿಯುತ್ತವೆ. ಕೇಬಲ್ ಕಿತ್ತುಹೋದರೆ ಲೈನ್ ಗೊತ್ತಾದ ಒಂದೇ ಸ್ಥಿತಿಯಲ್ಲಿ ಇರಲಿ ಅಂತ ಮಾಡಿದ ರಕ್ಷಣೆ ಅದು. ನಿಮ್ಮ ಐಸಿ ಸೊನ್ನೆಯ ಸಾಲನ್ನು ಕಿತ್ತುಹೋದ ಕೇಬಲ್ ಅಂತ ತಿಳಿಯಿತು. ಅದಕ್ಕೇ ಎಫ್ಎಫ್.

ಟೇಬಲ್ ಮೇಲೆ ಯಾಕೆ ಪಾಸ್ ಆಯಿತು? ಒಂದು ಕೌಂಟರ್ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಒಂದರಲ್ಲಿ ಸೊನ್ನೆ ಇರುವ ಕಡೆ ಇನ್ನೊಂದರಲ್ಲಿ ಒಂದು. ಗೊತ್ತಿಲ್ಲದೆಯೇ ನೀವು ಪೂರ್ತಿ ಸಮತೋಲನದ ಡೇಟಾ ಕಳಿಸಿದ್ದೀರಿ.

ಇನ್ನೊಂದು ಅಪಾಯವೂ ಕೂತಿದೆ. ಎರಡು ಬೋರ್ಡಿನ ಕ್ರಿಸ್ಟಲ್ ಒಂದೇ ಆಗಿರುವುದಿಲ್ಲ. ಒಂದೊಂದರಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದು, ಅವು ಎದುರುಬದುರಾದರೆ ಒಟ್ಟು 100. ಆಗ 8192 ಬಿಟ್‌ಗೆ 0.82 ಬಿಟ್ ಜಾರುತ್ತದೆ. ಅರ್ಧ ದಾಟಿದರೆ ನೀವು ಪಕ್ಕದ ಬಿಟ್ ಓದುತ್ತೀರಿ. ಹೆಡರಿನಲ್ಲಿ ಹಿಡಿದ ಸ್ಯಾಂಪಲನ್ನೇ ಬ್ಲಾಕ್ ಪೂರ್ತಿ ನಂಬುವುದು ಸರಿಯಲ್ಲ. ಫರ್ನೇಸ್ ಪ್ಯಾನೆಲಿನ ಒಳಗಿನ ಬಿಸಿಯಲ್ಲಂತೂ ಬೇಡವೇ ಬೇಡ.


ಗುಮ್ಮಟನಗರಿ_ಹುಡುಗ · ವಿಜಯಪುರ · ಸೋಮವಾರ ರಾತ್ರಿ 10:45

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಇದೇ ಬೋರ್ಡಿನಲ್ಲಿ ಮಾನಿಟರಿಗೆ ಚಿತ್ರ ಕಳಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. 640x480, ಪಿಕ್ಸೆಲ್ ಕ್ಲಾಕ್ 25.175 ಮೆಗಾಹರ್ಟ್ಸ್. ಪ್ರತಿ ಬಣ್ಣಕ್ಕೆ ಪಿಕ್ಸೆಲಿಗೆ 10 ಬಿಟ್, ಅಂದರೆ ಒಂದು ಜೋಡಿ ತಂತಿಯಲ್ಲಿ 251.75 ಮೆಗಾಬಿಟ್. ಹತ್ತು ಬಿಟ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ ಓಎಸ್‌ಇಆರ್10 ಅನ್ನುವ ಬ್ಲಾಕ್ ಹಾಕಿದರೆ ಸಲೀಸಾಗಿ ಹೋಗುತ್ತದೆ. ನಿಮ್ಮದು 54 ಮಾತ್ರ. ನಿಧಾನದ ಲಿಂಕಿಗೆ ಯಾಕೆ ಇಷ್ಟು ಕಷ್ಟ?

ಇನ್ನೊಂದು. ಇದರಲ್ಲಿ ಬಣ್ಣದ ಎಂಟು ಬಿಟ್‌ನ್ನು ಹತ್ತು ಮಾಡಿ ಕಳಿಸುತ್ತಾರೆ. ಹಾಗೆ ಮಾಡಿದರೆ ಕಾಲು ಭಾಗ ಹೆಚ್ಚಿಗೆ ಕಳಿಸಬೇಕಾಗುತ್ತದೆ ಅಲ್ವಾ? ಅದು ಸುಮ್ನೆ ನಷ್ಟ ಅಲ್ವಾ?


ಘಟಪ್ರಭಾ · ಮಂಗಳವಾರ ಬೆಳಿಗ್ಗೆ 6:40

ಒಳ್ಳೆಯ ಪ್ರಶ್ನೆ ಕೇಳಿದೆಯಪ್ಪಾ.

ನೀನು ಕಳಿಸುತ್ತೀಯ, ಮಾನಿಟರ್ ತೆಗೆದುಕೊಳ್ಳುತ್ತದೆ. ಕಷ್ಟದ ಭಾಗ ಮಾನಿಟರಿನ ಒಳಗಿದೆ, ಅದನ್ನು ಬೇರೆಯವರು ಮಾಡಿ ಮುಗಿಸಿದ್ದಾರೆ. ಅಲ್ಲಿ ಮೂರು ಜೋಡಿ ಬಣ್ಣಕ್ಕೆ, ನಾಲ್ಕನೆಯ ಜೋಡಿ ಕ್ಲಾಕಿಗೆ ಅಂತಲೇ ಇದೆ. ಆದರೂ ಕ್ಲಾಕ್ ಬಿಟ್ ವೇಗದ ಹತ್ತನೇ ಒಂದು ಪಾಲು ಮಾತ್ರ. ಹತ್ತು ಬಿಟ್‌ಗಳಲ್ಲಿ ಮೊದಲನೆಯದು ಯಾವುದು, ಬಿಟ್‌ನ ನಡುಭಾಗ ಎಲ್ಲಿ ಅಂತ ಮಾನಿಟರೇ ಹುಡುಕಬೇಕು. ಗೆರೆ ಮುಗಿದು ಮುಂದಿನ ಗೆರೆ ಶುರುವಾಗುವ ನಡುವಿನ ಖಾಲಿ ಹೊತ್ತಿನಲ್ಲಿ ನಾಲ್ಕು ವಿಶೇಷ ಸಂಕೇತಗಳಲ್ಲಿ ಒಂದು ಹೋಗುತ್ತಿರುತ್ತದೆ. ಉದಾಹರಣೆಗೆ 1101010100. ಅದರಲ್ಲಿ ಏರಿಳಿತ ಎಷ್ಟಿದೆ ನೋಡು. ಚಿತ್ರದ ಡೇಟಾದಲ್ಲಿ ಅಷ್ಟು ಏರಿಳಿತ ಬರುವುದೇ ಇಲ್ಲ. ಆ ಗುರುತು ಹಿಡಿದೇ ಅದು ಸಾಲು ಸರಿಮಾಡಿಕೊಳ್ಳುತ್ತದೆ. ಕಳಿಸುವುದು ಸುಲಭ. ತೆಗೆದುಕೊಳ್ಳುವುದರಲ್ಲಿ ಇಡೀ ಕಷ್ಟ ಇದೆ. ನಮ್ಮ ಬೆಳಗಾವಿಯವರಿಗೆ ಎರಡೂ ತುದಿ ಅವರದ್ದೇ, ಕ್ಲಾಕಿಗೆ ಬೇರೆ ಜೋಡಿಯೂ ಇಲ್ಲ.

ನಷ್ಟದ ಮಾತು. ಭಜನೆಗೆ ಕೂತಿದ್ದೀಯ ಅಂದುಕೋ. ಹಾಡುವವರು ಒಂದೇ ಸ್ವರ ಹಿಡಿದು ನಿಂತುಬಿಟ್ಟರೆ, ತಾಳ ಹಾಕುವವರು ಇಲ್ಲದಿದ್ದರೆ, ಎಷ್ಟನೇ ಮಾತ್ರೆಯಲ್ಲಿದ್ದೇವೆ ಅಂತ ಸ್ವಲ್ಪ ಹೊತ್ತಿಗೇ ತಪ್ಪಿಹೋಗುತ್ತದೆ. ಹೆಚ್ಚಿನ ಎರಡು ಬಿಟ್ ಆ ತಾಳಕ್ಕೆ ಕೊಡುವ ಬೆಲೆ. ಅದರ ಜೊತೆಗೆ ಸಮತೋಲನವೂ ಸಿಗುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದೇ ಎತ್ತು ಎಳೆಯುತ್ತಾ ಹೋದರೆ ಗಾಡಿ ಬದಿಗೆ ಸರಿಯುತ್ತದಲ್ಲ, ಸೊನ್ನೆಯೇ ಜಾಸ್ತಿ ಹೋದರೆ ಟ್ರಾನ್ಸ್‌ಫಾರ್ಮರಿನ ಆಚೆ ಸಿಗ್ನಲ್ ಹಾಗೇ ಸರಿಯುತ್ತದೆ. ಒಂದು ಮತ್ತು ಸೊನ್ನೆ ಸಮ ಇರಬೇಕು.


ಹಳೇ_ಎಕ್ಸ್‌ಚೇಂಜ್ · ಮಂಗಳವಾರ ಬೆಳಿಗ್ಗೆ 8:10

ಹುಡುಗನಿಗೆ ಒಂದು ಮಾತು. ನಿಮ್ಮ ಊರಿನ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದಲ್ಲ, ತುದಿಯಲ್ಲಿ 100 ಓಮ್ ಇಲ್ಲದ ಕೇಬಲಿನಲ್ಲೂ ಅದೇ ಆಗುತ್ತದೆ. ಕೇಬಲಿನಲ್ಲಿ ಸಿಗ್ನಲ್ ಒಂದು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 40 ಮೀಟರ್ ಹೋಗಿ ಬರಲು 400. ಒಂದು ಬಿಟ್ 18.5 ನ್ಯಾನೋಸೆಕೆಂಡ್. ಹಾಗಾಗಿ 21-22 ಬಿಟ್ ಹಿಂದೆ ಕಳಿಸಿದ್ದರ ಮಾರ್ದನಿ ಈಗಿನ ಬಿಟ್ ಮೇಲೆ ಬಂದು ಕೂರುತ್ತದೆ. ಟರ್ಮಿನೇಶನ್ ಬಿಡಬೇಡ.


ಉದ್ಯಮಬಾಗ್_ರಿಪೇರಿ · ಮಂಗಳವಾರ ರಾತ್ರಿ 8:30

ಟೇಬಲ್ ಮೇಲೆ ಎಲ್ಲಾ ಸೊನ್ನೆ ಕಳಿಸಿ ನೋಡಿದೆ. ಮೊದಲ ಬ್ಲಾಕಿಗೇ ಬಿತ್ತು. ಸ್ಕೋಪಿನಲ್ಲಿ ಸಿಗ್ನಲ್ ಇಳಿಜಾರಿನ ಹಾಗೆ ಸೊನ್ನೆ ವೋಲ್ಟಿಗೆ ಜಾರುವುದು ಕಣ್ಣಿಗೆ ಕಂಡಿತು. ಮೂರು ವಾರ ಫೌಂಡ್ರಿಯಲ್ಲಿ ಅಲೆದ ತೊಂದರೆ ಹತ್ತು ನಿಮಿಷದಲ್ಲಿ ಟೇಬಲ್ ಮೇಲೆ ಬಂತು. ಸರ್, ಮೇಡಂ, ಇಬ್ಬರಿಗೂ ಬಹಳ ಧನ್ಯವಾದ.

ಈಗ ಯಾವ ಕೋಡಿಂಗ್ ಹಾಕಲಿ? ಮ್ಯಾಂಚೆಸ್ಟರ್ ಸುಲಭ ಅನ್ನಿಸುತ್ತದೆ.


ಕಿತ್ತೂರು_ಕಡೆಯವ · ಮಂಗಳವಾರ ರಾತ್ರಿ 9:00

ಮ್ಯಾಂಚೆಸ್ಟರ್ ಸುಲಭ ಹೌದು. 10 ಮೆಗಾಬಿಟ್ ಎಥರ್ನೆಟ್ ಅದರಲ್ಲೇ ಓಡಿತು. ಪ್ರತಿ ಬಿಟ್‌ನ ನಡುವೆ ಒಂದು ಎಡ್ಜ್ (ಏರು ಅಥವಾ ಇಳಿತ) ಖಂಡಿತ ಇರುತ್ತದೆ. ಆದರೆ ವೇಗ ಎರಡರಷ್ಟು ಬೇಕು. ನಿಮ್ಮ 32 ಮೆಗಾಬಿಟ್‌ಗೆ 64 ಮೆಗಾಬಾಡ್ ದಾಟುತ್ತದೆ.

ನಾನಾದರೆ ಸ್ಕ್ರಾಂಬ್ಲರ್ (ಬಿಟ್‌ಗಳನ್ನು ಒಂದು ಲೆಕ್ಕದ ಪ್ರಕಾರ ಕಲಸುವ ಸರ್ಕ್ಯೂಟ್) ಹಾಕುತ್ತೇನೆ. ಕೆಲವು ಫ್ಲಿಪ್‌ಫ್ಲಾಪ್, ಒಂದೆರಡು ಎಕ್ಸ್‌ಓಆರ್, ಮುಗಿಯಿತು. ಒಂದು ಬಿಟ್ ಕೂಡ ಹೆಚ್ಚಿಗೆ ಕಳಿಸಬೇಕಿಲ್ಲ. ಟಿವಿ ಸ್ಟುಡಿಯೋಗಳ ಎಸ್‌ಡಿಐ ವಿಡಿಯೋ ಲಿಂಕ್ 270 ಮೆಗಾಬಿಟ್‌ನಲ್ಲಿ ಒಂಬತ್ತು ಹಂತದ ಸ್ಕ್ರಾಂಬ್ಲರ್ ಮೇಲೆಯೇ ನಡೆಯುತ್ತದೆ.


ಘಟಪ್ರಭಾ · ಮಂಗಳವಾರ ರಾತ್ರಿ 9:35

ಸ್ಕ್ರಾಂಬ್ಲರ್ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಸ್ಕ್ರಾಂಬ್ಲರ್ ಕೆಟ್ಟದ್ದು ಅಂತಲ್ಲ. ಈ ಕೆಲಸಕ್ಕೆ ಬೇಡ. ಅದರಲ್ಲಿ ಉದ್ದ ಸೊನ್ನೆಸಾಲು ಅಪರೂಪ, ಆದರೆ ಬರಲೇಬಾರದು ಅಂತ ಇಲ್ಲ. ತಾನೇ ಹೊಂದಿಕೊಳ್ಳುವ ಬಗೆಯಲ್ಲಿ ಎರಡು ಟ್ಯಾಪ್ (ಹಿಂದಿನ ಬಿಟ್ ತೆಗೆದುಕೊಳ್ಳುವ ಜಾಗ) ಇದ್ದರೆ ತಂತಿಯ ಮೇಲಿನ ಒಂದು ತಪ್ಪು ಬಿಚ್ಚುವಾಗ ಮೂರಾಗುತ್ತದೆ. ಬ್ಲಾಕಿನ ಗಡಿ ಗುರುತಿಸಲು ಬೇರೆ ವ್ಯವಸ್ಥೆಯೂ ಬೇಕು.

ಎಂಟು ಬಿಟ್‌ನ್ನು ಹತ್ತು ಮಾಡುವ 8ಬಿ/10ಬಿ ಹಾಕಿ. ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಪ್ರಕಟಿಸಿದ ಕೋಡ್ ಇದು. ಒಂದೇ ಬಿಟ್ ಐದಕ್ಕಿಂತ ಹೆಚ್ಚು ಸಲ ಸಾಲಾಗಿ ಬರುವುದಿಲ್ಲ, ಏನೇ ಕಳಿಸಿದರೂ. ನಿಮ್ಮ ಸೊನ್ನೆ ಬೈಟ್ ತಂತಿಯ ಮೇಲೆ 1001110100 ಆಗುತ್ತದೆ. ಐದು ಒಂದು, ಐದು ಸೊನ್ನೆ. ಫರ್ನೇಸ್ ತಿಂಗಳಿಡೀ ಬಂದ್ ಇದ್ದರೂ ಲೈನ್ ನಿಲ್ಲುವುದಿಲ್ಲ.

ದೊಡ್ಡ ಟೇಬಲ್ ಬೇಕು ಅಂತ ಹೆದರಬೇಡಿ. ಬೈಟನ್ನು ಐದು ಮತ್ತು ಮೂರು ಬಿಟ್ ಆಗಿ ಒಡೆಯಿರಿ. ಐದು ಬಿಟ್ ಆರಾಗುತ್ತದೆ, ಮೂರು ಬಿಟ್ ನಾಲ್ಕಾಗುತ್ತದೆ. ಈವರೆಗೆ ಒಂದು ಜಾಸ್ತಿ ಹೋಗಿದೆಯೋ ಸೊನ್ನೆಯೋ ಅಂತ ನೆನಪಿಡಲು ಒಂದೇ ಒಂದು ಫ್ಲಿಪ್‌ಫ್ಲಾಪ್. ಅದನ್ನು ನೋಡಿ ಎರಡು ರೂಪಗಳಲ್ಲಿ ಒಂದನ್ನು ಆರಿಸುತ್ತೀರಿ. ಇದಕ್ಕೇ ರನ್ನಿಂಗ್ ಡಿಸ್ಪ್ಯಾರಿಟಿ ಅನ್ನುತ್ತಾರೆ. ಆ ಕಡೆಯೂ ಅದೇ ಲೆಕ್ಕ ಇಟ್ಟರೆ ತಪ್ಪು ಹಿಡಿಯಲು ಪುಕ್ಕಟೆ ಕಾವಲು ಸಿಕ್ಕ ಹಾಗೆ.

ಗಡಿ ಗುರುತಿಗೆ ಕೆ28.5 ಅನ್ನುವ ವಿಶೇಷ ಸಂಕೇತ ಇದೆ, ಇದನ್ನೇ ಕಾಮಾ ಅನ್ನುತ್ತಾರೆ. 0011111010, ಅಥವಾ ಅದರ ತಿರುವು 1100000101. ಎರಡು ಸೊನ್ನೆ, ಆಮೇಲೆ ಐದು ಒಂದು. ಈ ಸಾಲು ಡೇಟಾ ಬೈಟುಗಳ ನಡುವೆ ಎಲ್ಲೂ ಹುಟ್ಟುವುದಿಲ್ಲ. ಕಂಡ ತಕ್ಷಣ ಹತ್ತರ ಲೆಕ್ಕ ಅಲ್ಲಿಂದ ಶುರು.

ನಿಮ್ಮ ವೇಗಕ್ಕೂ ಚೆನ್ನಾಗಿ ಕೂರುತ್ತದೆ. 54 ಮೆಗಾಬಾಡ್ ಅಂದರೆ ಸೆಕೆಂಡಿಗೆ 54 ಲಕ್ಷ ಸಂಕೇತ. ಒಂದು ಸ್ಯಾಂಪಲಿಗೆ ನಾಲ್ಕು ಬೈಟ್ ಮತ್ತು ಒಂದು ಕಾಮಾ, ಒಟ್ಟು 50 ಲಕ್ಷ. ಉಳಿದ 4 ಲಕ್ಷ ಜಾಗದಲ್ಲೂ ಕಾಮಾ ತುಂಬಿ. ಆ ಕಡೆ ಕಾಮಾ ಬಿಸಾಕಿ ಡೇಟಾ ಮಾತ್ರ ಫೀಫೋಗೆ (ಮೊದಲು ಬಂದದ್ದನ್ನು ಮೊದಲು ಕೊಡುವ ಮೆಮೊರಿ) ಹಾಕಿ. ಎರಡು ಕ್ರಿಸ್ಟಲಿನ ವ್ಯತ್ಯಾಸ ಅಲ್ಲೇ ಕರಗಿಹೋಗುತ್ತದೆ.


ಕಿತ್ತೂರು_ಕಡೆಯವ · ಮಂಗಳವಾರ ರಾತ್ರಿ 9:50

ಸರಿ ಮೇಡಂ, ಒಪ್ಪಿದೆ. ಗಡಿ ಗುರುತಿನ ವಿಷಯ ನಾನು ಯೋಚಿಸಿರಲಿಲ್ಲ.


ಉದ್ಯಮಬಾಗ್_ರಿಪೇರಿ · ಶನಿವಾರ ರಾತ್ರಿ 11:15

ನಾಲ್ಕು ರಾತ್ರಿ ಕೂತು ಬರೆದೆ. ಕಳಿಸುವ ಭಾಗ ಒಂದೇ ರಾತ್ರಿಗೆ ಮುಗಿಯಿತು. ತೆಗೆದುಕೊಳ್ಳುವ ಭಾಗ ಹೀಗೆ ಮಾಡಿದ್ದೇನೆ.

ಬೋರ್ಡಿನ ಗೋವಿನ್ ಚಿಪ್ಪಿನಲ್ಲಿರುವ ಐಡಿಇಎಸ್4 ಬ್ಲಾಕ್ ಬಳಸಿದೆ. ಅದಕ್ಕೆ 108 ಮೆಗಾಹರ್ಟ್ಸ್ ವೇಗದ ಕ್ಲಾಕ್ ಕೊಟ್ಟರೆ ಎರಡೂ ಎಡ್ಜಿನಲ್ಲಿ ಸ್ಯಾಂಪಲ್ ಮಾಡುತ್ತದೆ. ಅಂದರೆ ಸೆಕೆಂಡಿಗೆ 21.6 ಕೋಟಿ ಸ್ಯಾಂಪಲ್. ಒಳಗೆ ನನಗೆ 54 ಮೆಗಾಹರ್ಟ್ಸ್‌ನಲ್ಲಿ ನಾಲ್ಕು ನಾಲ್ಕು ಬಿಟ್ ಸಿಗುತ್ತವೆ. ಉಳಿದ ಲಾಜಿಕ್ ಎಲ್ಲಾ 54ರಲ್ಲೇ ಓಡುತ್ತದೆ, ಟೈಮಿಂಗ್ ರಿಪೋರ್ಟ್ ಸಲೀಸಾಗಿ ಪಾಸ್. ಅಕ್ಕಪಕ್ಕದ ಸ್ಯಾಂಪಲ್ ಎಕ್ಸ್‌ಓಆರ್ ಮಾಡಿ ಎಡ್ಜ್ ಎಲ್ಲಿದೆ ನೋಡುತ್ತೇನೆ, ಅಲ್ಲಿಂದ ಎರಡು ಆಚೆಯ ಸ್ಯಾಂಪಲ್ ಹಿಡಿಯುತ್ತೇನೆ. ಒಂದೇ ಎಡ್ಜ್ ನೋಡಿ ಜಾಗ ಬದಲಿಸುವುದಿಲ್ಲ. ಎಂಟು ಸಲ ಒಂದೇ ಕಡೆ ಸರಿದರೆ ಮಾತ್ರ ಒಂದು ಹೆಜ್ಜೆ ಸರಿಯುತ್ತೇನೆ.

ಎಲ್ಲಾ ಸೊನ್ನೆ, ಎಲ್ಲಾ ಒಂದು, ಕೌಂಟರ್, ಏನು ಕಳಿಸಿದರೂ ಬರುತ್ತದೆ. ಆದರೆ ಡಿಸ್ಪ್ಯಾರಿಟಿ ತಪ್ಪು ನಿಂತಿಲ್ಲ. ತಪ್ಪುಗಳ ಗುಂಪು ಸೆಕೆಂಡಿಗೆ ಸುಮಾರು 700 ಸಲ ಬರುತ್ತದೆ. ಟೇಬಲ್ ಮೇಲೂ 700, ಚಿಕ್ಕ ಕೇಬಲ್ ಹಾಕಿದರೂ 700.


ಘಟಪ್ರಭಾ · ಭಾನುವಾರ ಬೆಳಿಗ್ಗೆ 7:05

ಕೇಬಲ್ ಬದಲಿಸಿದರೂ ಬದಲಾಗದ, ಗಡಿಯಾರದ ಹಾಗೆ ಬರುವ ತಪ್ಪು ಗದ್ದಲದ್ದಲ್ಲ. 700ನ್ನು 5 ಕೋಟಿ 40 ಲಕ್ಷದಿಂದ ಭಾಗಿಸಿ. ಹತ್ತು ಲಕ್ಷಕ್ಕೆ 13 ಬರುತ್ತದೆ. ಅದು ನಿಮ್ಮ ಎರಡು ಕ್ರಿಸ್ಟಲಿನ ವ್ಯತ್ಯಾಸ!

ಹಿಡಿಯುವ ಜಾಗ 0, 1, 2, 3 ಅಂತ ಸರಿಯುತ್ತಾ ಹೋಗುತ್ತದೆ. 3ರಿಂದ ಮತ್ತೆ 0ಗೆ ಬಂದಾಗ, ಅಥವಾ 0ಯಿಂದ 3ಕ್ಕೆ ಹಾರಿದಾಗ, ನೀವು ಏನು ಮಾಡುತ್ತೀರಿ? ಒಂದು ದಿಕ್ಕಿನಲ್ಲಿ ಆ ಒಂದು ಸುತ್ತಿನಲ್ಲಿ ಎರಡು ಬಿಟ್ ತೆಗೆದುಕೊಳ್ಳಬೇಕು. ಇನ್ನೊಂದು ದಿಕ್ಕಿನಲ್ಲಿ ಒಂದೂ ತೆಗೆದುಕೊಳ್ಳಬಾರದು. ನೀವು ಯಾವಾಗಲೂ ಒಂದೇ ತೆಗೆದುಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. ಪ್ರತಿ ಸಲ ಒಂದು ಬಿಟ್ ಕಳೆದುಹೋಗುತ್ತದೆ, ಮುಂದಿನ ಕಾಮಾ ಬಂದು ಸಾಲು ಸರಿಮಾಡುತ್ತದೆ.

ಮೊದಲಿನ ವಿನ್ಯಾಸ ಟೇಬಲ್ ಮೇಲೆ ನಡೆದದ್ದಕ್ಕೂ ಈಗ ಲೆಕ್ಕ ಸಿಕ್ಕಿತು. 13 ಇದ್ದರೆ 8192 ಬಿಟ್‌ಗೆ 0.1 ಬಿಟ್ ಮಾತ್ರ ಜಾರುತ್ತದೆ. ಈ ಜೋಡಿ ಬೋರ್ಡು ಹತ್ತಿರ ಹತ್ತಿರ ಇದ್ದವು, ಅಷ್ಟೇ.


ಉದ್ಯಮಬಾಗ್_ರಿಪೇರಿ · ಭಾನುವಾರ ಮಧ್ಯಾಹ್ನ 12:40

ಅದೇ ಆಗಿತ್ತು ಮೇಡಂ. ಶಿಫ್ಟ್ ರಿಜಿಸ್ಟರ್ ಈಗ ಒಂದು ಸುತ್ತಿಗೆ ಸೊನ್ನೆ, ಒಂದು ಅಥವಾ ಎರಡು ಬಿಟ್ ತೆಗೆದುಕೊಳ್ಳುತ್ತದೆ. ತಪ್ಪು ಪೂರ್ತಿ ನಿಂತಿತು. ಜಾಗ ಎಷ್ಟು ಸಲ ಸುತ್ತಿತು ಅನ್ನುವ ಕೌಂಟರ್ ಹಾಗೇ ಇಟ್ಟಿದ್ದೇನೆ. ನಾಳೆ ಫೌಂಡ್ರಿಗೆ.


ಹಳೇ_ಎಕ್ಸ್‌ಚೇಂಜ್ · ಭಾನುವಾರ ಮಧ್ಯಾಹ್ನ 1:30

ಐದು ನಿಮಿಷ ನೋಡಿ ಪಾಸ್ ಅನ್ನಬೇಡ. ಒಂದು ಇಡೀ ದಿನ ಬಿಡು. ಮೂರನ್ನು ಓಡಿದ ಬಿಟ್‌ಗಳ ಸಂಖ್ಯೆಯಿಂದ ಭಾಗಿಸು. ಒಂದೂ ತಪ್ಪು ಬರದಿದ್ದರೆ, ತಪ್ಪಿನ ದರ ಅದಕ್ಕಿಂತ ಕಡಿಮೆ ಅಂತ ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ಟೇಬಲ್ ಪರೀಕ್ಷೆಗೆ ಪಿಆರ್‌ಬಿಎಸ್-7 (ಗೊತ್ತುಗುರಿ ಇಲ್ಲದ ಹಾಗೆ ಕಾಣುವ ಪರೀಕ್ಷೆಯ ಬಿಟ್‌ಸಾಲು) ಮಾತ್ರ ನಂಬಬೇಡ. ಅದರಲ್ಲಿ ಅತಿ ಉದ್ದದ ಸಾಲು ಏಳೇ ಬಿಟ್. ಕೋಡಿಂಗ್ ಇಲ್ಲದ ಲಿಂಕೂ ಅದರಲ್ಲಿ ಪಾಸ್ ಆಗುತ್ತದೆ.


ಉದ್ಯಮಬಾಗ್_ರಿಪೇರಿ · ಬುಧವಾರ ರಾತ್ರಿ 9:10

ಸೋಮವಾರ ಸಂಜೆ ಆರಕ್ಕೆ ಶುರು ಮಾಡಿದ್ದು. ಮಂಗಳವಾರ ಸಂಜೆ ಆರರವರೆಗೆ 24 ಗಂಟೆ, 4.67 ಲಕ್ಷ ಕೋಟಿ ಬಿಟ್. ಡಿಸ್ಪ್ಯಾರಿಟಿ ತಪ್ಪು ಸೊನ್ನೆ. ಸಿಆರ್‌ಸಿ ತಪ್ಪು ಸೊನ್ನೆ. ನಡುವೆ ಫರ್ನೇಸ್ ಓಡಿದೆ, ಬಂದ್ ಆಗಿದೆ, ರಾತ್ರಿ ಇಡೀ ಸುಮ್ಮನಿತ್ತು. ಚಿಪ್ಪಿನ 8640 ಎಲ್‌ಯುಟಿಗಳಲ್ಲಿ (ಸಣ್ಣ ಲಾಜಿಕ್ ಘಟಕ) ನಾನು ಬಳಸಿದ್ದು 600ರ ಒಳಗೆ.

ಇವತ್ತು ಬೆಳಿಗ್ಗೆ 11ಕ್ಕೆ ಫರ್ನೇಸ್ ಟ್ರಿಪ್ ಆಯಿತು. ಅಲೆ ಪೂರ್ತಿ ಸಿಕ್ಕಿದೆ. ಟ್ರಿಪ್ ಆಗುವ ಮುಂಚೆ ಕರೆಂಟಿನಲ್ಲಿ ಒಂದು ಅರ್ಧ ಅಲೆಯೇ ಇಲ್ಲ. ಗೇಟ್ ಪಲ್ಸ್ ತಪ್ಪುತ್ತಿದೆ ಅನ್ನಿಸುತ್ತದೆ. ಆ ಕಾರ್ಡಿನ ಕನೆಕ್ಟರ್ ನಾಳೆ ಬಿಚ್ಚಿ ನೋಡುತ್ತೇನೆ. ಫೌಂಡ್ರಿ ಮಾಲೀಕರು ಆ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಬಂದವರಿಗೆಲ್ಲಾ ತೋರಿಸುತ್ತಿದ್ದಾರೆ.


ಗೋಕಾಕ್_ಕರದಂಟು · ಬುಧವಾರ ರಾತ್ರಿ 9:25

ಭಾಳ ಖುಷಿ ಆಯಿತು ಅಣ್ಣಾ! ನಾನು ಫೆರೈಟ್ ಅಂದವನು, ಇವತ್ತು ಬಹಳ ಕಲಿತೆ.


ಗುಮ್ಮಟನಗರಿ_ಹುಡುಗ · ಶುಕ್ರವಾರ ರಾತ್ರಿ 11:50

ಅಣ್ಣಾ, ನೀವು ಕೊಟ್ಟ ಕೋಡ್ ನನ್ನ ಬೋರ್ಡಿಗೆ ಹಾಕಿದೆ. ಗೆಳೆಯನ ಬೋರ್ಡು ಇನ್ನೊಂದು ತುದಿಗೆ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮೀಟರ್ ಕೇಬಲ್. ಮೊದಲು ಎಲ್ಲಾ ಸೊನ್ನೆ ಕಳಿಸಿದೆ, ಸರಿಯಾಗಿ ಬಂತು.

ಆಮೇಲೆ ನಿಮ್ಮ ಆ ಸುತ್ತಿನ ಕೌಂಟರ್ ನೋಡುತ್ತಾ ಕೂತೆ. ಸೆಕೆಂಡಿಗೆ 648 ತೋರಿಸುತ್ತಿತ್ತು, ಅಂದರೆ ಹತ್ತು ಲಕ್ಷಕ್ಕೆ 12. ಬಿಸಿ ಚಹಾದ ಲೋಟ ಗೆಳೆಯನ ಬೋರ್ಡಿನ ಕ್ರಿಸ್ಟಲಿನ ಪಕ್ಕ ಇಟ್ಟೆ. ಎರಡು ನಿಮಿಷದಲ್ಲಿ 700 ದಾಟಿತು. ಲೋಟ ತೆಗೆದೆ, ಮೆಲ್ಲಗೆ ಇಳಿಯಿತು. ಆಮೇಲೆ ಲೋಟವನ್ನು ನನ್ನ ಬೋರ್ಡಿನ ಕಡೆ ಇಟ್ಟೆ. ಈ ಸಲ 600ಕ್ಕಿಂತ ಕೆಳಗೆ ಹೋಯಿತು. ಡೇಟಾದಲ್ಲಿ ಒಂದೂ ತಪ್ಪಿಲ್ಲ. ರೂಮಿನವರೆಲ್ಲಾ ಎದ್ದು ಬಂದು ನೋಡಿದರು.